ಎಸ್‌ಸಿಎನ್5ಎ: ಒಂದೇ ಜೀನ್ ಕೆಟ್ರೆ ಎರಡು ಉಲ್ಟಾ ಕಾಯಿಲೆ ಹೇಗೆ ಬರತ್ತೆ?

ಹೊಸಬಳು:
ಎಲ್ರಿಗೂ ನಮಸ್ಕಾರ. ತಮ್ಮ ಎರಡು ಸಲ ತಲೆಸುತ್ತಿ ಬಿದ್ದ ಅಂತ ಇಸಿಜಿ, ಎಕೋ ಎಲ್ಲ ಮಾಡಿಸಿ ಕೊನೆಗೆ ಜೀನ್ ಟೆಸ್ಟ್ ಕೂಡ ಆಯ್ತು. ರಿಪೋರ್ಟಲ್ಲಿ ಎಸ್‌ಸಿಎನ್5ಎ ಅನ್ನೋ ಜೀನಲ್ಲಿ ಒಂದು ಬದಲಾವಣೆ ಇದೆ, ಆದ್ರೆ ಅದು ತೊಂದರೆ ಕೊಡತ್ತೋ ಇಲ್ವೋ ಅನಿಶ್ಚಿತ ಅಂತ ಬರ್ದಿದಾರೆ. ನಾನು ಓದ್ತಾ ಕೂತ್ರೆ ಒಂದು ಕಡೆ ಈ ಜೀನ್ ಕೆಟ್ರೆ ಲಾಂಗ್ ಕ್ಯೂಟಿ (ಪ್ರತಿ ಮಿಡಿತದ ಕರೆಂಟ್ ಆರಕ್ಕೆ ತಡ ಆಗೋದು) ಅಂತಿದೆ, ಇನ್ನೊಂದು ಕಡೆ ಬ್ರುಗಾಡ (ಹೃದಯದ ಲಯ ದಿಢೀರ್ ತಪ್ಪೋ ಕಾಯಿಲೆ) ಅಂತಿದೆ, ಮತ್ತೊಂದು ಕಡೆ ಹಾರ್ಟ್ ಬ್ಲಾಕ್ (ಹೃದಯದಲ್ಲಿ ಕರೆಂಟ್ ದಾಟೋದು ತಡ ಆಗೋದು, ನಿಲ್ಲೋದು) ಅಂತಿದೆ, ಅದೂ ಸಾಲ್ದು ಅಂತ ಒಂದಕ್ಕೆ ಕೊಡೋ ಮಾತ್ರೆ ಇನ್ನೊಂದಕ್ಕೆ ಕೊಡ್ಲೇಬಾರ್ದಂತೆ. ಒಂದೇ ಜೀನ್ ಇಷ್ಟೊಂದು ಅವತಾರ ಹೇಗೆ ಎತ್ತತ್ತೆ? ಬಿಎಸ್ಸಿ ಮಟ್ಟದ್ದು ಅರ್ಥ ಆಗತ್ತೆ, ಸ್ವಲ್ಪ ಬಿಡಿಸಿ ಹೇಳಿ.

ಬಯೋಫಿಸಿಕ್ಸ್_ಭಟ್ಟ:
ಮೊದ್ಲು ಆ ಜೀನ್ ಸರಿಯಾಗಿದ್ದಾಗ ಏನ್ ಮಾಡತ್ತೆ ನೋಡೋಣ, ಕೆಡೋದು ಆಮೇಲೆ.

ಎಸ್‌ಸಿಎನ್5ಎ ಇರೋದು 3ನೇ ಕ್ರೋಮೋಸೋಮಲ್ಲಿ. ಅದ್ರಿಂದ ತಯಾರಾಗೋ ಪ್ರೋಟೀನ್ ಹೆಸ್ರು ಎನ್‌ಎವಿ1.5, 2016 ಅಮೈನೋ ಆಸಿಡ್‌ಗಳ ಉದ್ದನೆ ಸರಪಳಿ. ಅದು ಹೃದಯದ ಸ್ನಾಯುಕೋಶದ ಪೊರೆಯನ್ನ 24 ಸಲ ಅಡ್ಡ ಹಾದು ನಡುವೆ ಒಂದು ಸಣ್ಣ ದಾರಿ ಬಿಟ್ಕೊಂಡು ಕೂತಿರತ್ತೆ, ಅದೇ ಸೋಡಿಯಂ ಚಾನಲ್. ನಾಲ್ಕು ಭಾಗ, ಒಂದೊಂದು ಭಾಗದಲ್ಲೂ ಆರು ತುಂಡು. ನಾಲ್ಕನೇ ತುಂಡಲ್ಲಿ ಪಾಸಿಟಿವ್ ಚಾರ್ಜ್ ಇರೋ ಆರ್ಜಿನೈನ್, ಲೈಸೀನ್ ಸಾಲಾಗಿ ಇರ್ತವೆ, ವೋಲ್ಟೇಜ್ ಬದಲಾದ್ರೆ ಈ ತುಂಡು ಜರುಗತ್ತೆ, ಅದು ಜರುಗಿದ್ರೆ ದಾರಿ ತೆರ್ಕೊಳತ್ತೆ.

ಈಗ ಕೋಶ ಸುಮ್ನಿದ್ದಾಗ ಒಳಗಡೆ ಸುಮಾರು ಮೈನಸ್ 85–90 ಮಿಲಿವೋಲ್ಟ್ ಇರತ್ತೆ. ಹೊರಗೆ ಸೋಡಿಯಂ ಹತ್ತತ್ರ 140 ಮಿಲಿಮೋಲ್, ಒಳಗೆ ಅದ್ರ ಹತ್ತನೇ ಒಂದು ಭಾಗದಷ್ಟು. ಅಂದ್ರೆ ದಾರಿ ಬಿಟ್ರೆ ಸಾಕು, ಸೋಡಿಯಂ ನುಗ್ಗಕ್ಕೆ ತಯಾರಾಗಿ ನಿಂತಿರತ್ತೆ. ಪಕ್ಕದ ಕೋಶದಿಂದ ಕರೆಂಟ್ ಬಂತು, ಚಾನಲ್ ತೆರೀತು, ಒಂದೆರಡು ಮಿಲಿಸೆಕೆಂಡಲ್ಲಿ ಮೈನಸ್ 90 ಇದ್ದದ್ದು ಪ್ಲಸ್ 30ರ ಆಸುಪಾಸಿಗೆ ಜಿಗಿಯತ್ತೆ. ಈ ಜಿಗಿತ ಎಷ್ಟು ಚುರುಕಾಗಿರತ್ತೋ ಮುಂದಿನ ಕೋಶಕ್ಕೆ ಕರೆಂಟ್ ಅಷ್ಟು ಬೇಗ ದಾಟತ್ತೆ. ಇಸಿಜಿಲಿ ಕ್ಯೂಆರ್‌ಎಸ್ (ಹೃದಯದ ಕೆಳಕೋಣೆಗಳಿಗೆ ಕರೆಂಟ್ ಹರಡೋವಾಗ ಏಳೋ ಚೂಪು ಗೆರೆ) ಸಪೂರವಾಗಿ ಕಾಣೋದು ಇದ್ರಿಂದಾನೇ.

ಮುಖ್ಯವಾದದ್ದು ಇನ್ನು ಮುಂದೆ ಇದೆ. ತೆರೆದ ಒಂದೆರಡು ಮಿಲಿಸೆಕೆಂಡಲ್ಲೇ ಚಾನಲ್ ತನ್ನನ್ನ ತಾನೇ ಮುಚ್ಕೊಳತ್ತೆ. ಮೂರನೇ ಮತ್ತು ನಾಲ್ಕನೇ ಭಾಗದ ನಡುವಿನ ಕೊಂಡಿಯಲ್ಲಿ ಐಸೋಲ್ಯೂಸೀನ್, ಫಿನೈಲ್‌ಅಲನಿನ್, ಮೆಥಿಯೋನಿನ್ ಅಂತ ಮೂರು ಅಮೈನೋ ಆಸಿಡ್ ಇವೆ, ಸಿಂಕಿಗೆ ಸರಪಳಿ ಕಟ್ಟಿ ಬಿಟ್ಟಿರ್ತಾರಲ್ಲ ಬಿರಡೆ, ಹಾಗೆ ಬಂದು ಒಳಗಡೆಯಿಂದ ದಾರಿಗೆ ಅಡ್ಡ ಕೂರತ್ತೆ. ಕೋಶದ ವೋಲ್ಟೇಜ್ ಮತ್ತೆ ಕೆಳಗಿಳಿಯೋವರೆಗೂ ಅದು ಬಿಡಲ್ಲ. ಹೃದಯದ ಕೋಶದಲ್ಲಿ ಒಂದು ಮಿಡಿತದ ಆಕ್ಷನ್ ಪೊಟೆನ್ಷಿಯಲ್ (ವೋಲ್ಟೇಜ್ ಏರಿ ಮತ್ತೆ ಇಳಿಯೋ ಒಂದು ಸುತ್ತು) 300 ಮಿಲಿಸೆಕೆಂಡ್ ಹತ್ರ ನಡಿಯತ್ತೆ, ಅಷ್ಟೂ ಹೊತ್ತು ಈ ಬಿರಡೆ ಗಟ್ಟಿಯಾಗಿ ಕೂತಿರ್ಬೇಕು.

ಹಾಗಾಗಿ ಈ ಜೀನ್ ಎರಡು ದಿಕ್ಕಲ್ಲಿ ಕೆಡಬಹುದು. ನುಗ್ಗೋ ಸೋಡಿಯಂ ಕಮ್ಮಿ ಆಗೋದು ಒಂದು. ಅಥವಾ ನುಗ್ಗಿದ ಮೇಲೆ ಬಿರಡೆ ಸರಿಯಾಗಿ ಕೂರದೆ ಸೋರ್ತಾ ಇರೋದು ಇನ್ನೊಂದು. ಕಮ್ಮಿ ಆದ್ರೆ ಬ್ರುಗಾಡ, ಹಾರ್ಟ್ ಬ್ಲಾಕ್ ಕಡೆಗೆ ಹೋಗತ್ತೆ. ಸೋರಿದ್ರೆ ಲಾಂಗ್ ಕ್ಯೂಟಿಯ ಮೂರನೇ ವಿಧ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಸಂಶಯ_ಪಿಶಾಚಿ:
ಭಟ್ರ, ಛಲೋ ಹೇಳಿದ್ರಿ. ಆದ್ರ ಒಂದು ಕೇಳ್ತೀನಿ. ಸೋಡಿಯಂ ಚಾನಲ್ ನರದಾಗೂ ಅದ, ಕೈಕಾಲಿನ ಸ್ನಾಯುದಾಗೂ ಅದ. ಈ ಜೀನ್ ಕೆಟ್ರ ಹೃದಯಕ್ಕ ಯಾಕ ಬಡೀತದ, ಫಿಟ್ಸ್ ಯಾಕ ಬರೂದಿಲ್ಲ?

ಬಯೋಫಿಸಿಕ್ಸ್_ಭಟ್ಟ:
ಯಾಕಂದ್ರೆ ಅವೆಲ್ಲ ಬೇರೆಬೇರೆ ಜೀನ್, ಒಂದೇ ವಂಶದ್ದು. ಎಸ್‌ಸಿಎನ್1ಎ ಮಿದುಳಿಂದು, ಅದು ಕೆಟ್ರೆ ಡ್ರಾವೆ ಸಿಂಡ್ರೋಮ್ ಅಂತ ಚಿಕ್ಕ ಮಕ್ಕಳ ಮೂರ್ಛೆರೋಗ. ಎಸ್‌ಸಿಎನ್4ಎ ಮೈಕೈ ಸ್ನಾಯುವಿಂದು. ಎಸ್‌ಸಿಎನ್9ಎ ನೋವಿನ ನರದ್ದು, ಅದು ಪೂರ್ತಿ ನಿಂತ್ರೆ ಹುಟ್ಟಿನಿಂದ ನೋವೇ ಗೊತ್ತಾಗಲ್ಲ. ಹೃದಯದ ಪಾಲಿಗೆ ಮುಖ್ಯವಾಗಿ ಬಂದಿರೋದು 5ಎ.

ಇವು ಎಷ್ಟು ಬೇರೆ ಅನ್ನಕ್ಕೆ ಪಫರ್ ಮೀನಿನ ವಿಷ ನೋಡಿ, ಟೆಟ್ರೋಡೋಟಾಕ್ಸಿನ್. ಅದು ನರ ಮತ್ತು ಸ್ನಾಯುವಿನ ಸೋಡಿಯಂ ಚಾನಲ್ ಬಾಯಿಗೆ ಸರಿಯಾಗಿ ಕೂತು ಮುಚ್ಚಿಬಿಡತ್ತೆ, ಉಸಿರಾಟದ ಸ್ನಾಯು ನಿಂತು ಮನುಷ್ಯ ಸಾಯ್ತಾನೆ. ಹೃದಯದ ಚಾನಲ್ಲಿಗೆ ಮಾತ್ರ ಆ ವಿಷ ಸುಲಭಕ್ಕೆ ಅಂಟಲ್ಲ. ಚಾನಲ್ ಬಾಯಲ್ಲಿ ಬೇರೆಯವಕ್ಕೆ ಟೈರೋಸೀನೋ ಫಿನೈಲ್‌ಅಲನಿನೋ ಇರೋ ಜಾಗದಲ್ಲಿ ಇದಕ್ಕೆ ಸಿಸ್ಟೀನ್ ಇದೆ. ಒಂದು ಅಮೈನೋ ಆಸಿಡ್ ವ್ಯತ್ಯಾಸ, ಅಷ್ಟಕ್ಕೇ ಲೆಕ್ಕ ಬದಲು.

ಇಸಿಜಿ_ರೂಮು:
ನಾನು ದಿನಾ ಗೆರೆ ತೆಗೆಯೋಳು, ಪೇಪರ್ ಮೇಲೆ ಹೇಗೆ ಕಾಣತ್ತೆ ಅಂತ ಹೇಳ್ತೀನಿ, ಅದ್ರಿಂದ ಎರಡು ದಿಕ್ಕಿನ ವಿಷಯ ಇನ್ನೂ ಸಲೀಸಾಗಿ ಅರ್ಥ ಆಗತ್ತೆ.

ಸೋರೋ ಚಾನಲ್ ಇದ್ರೆ ಕ್ಯೂಆರ್‌ಎಸ್ ಎಲ್ಲ ಚೆನ್ನಾಗೇ ಇರತ್ತೆ, ಆಮೇಲೆ ಎಸ್‌ಟಿ ಭಾಗ (ಕ್ಯೂಆರ್‌ಎಸ್‌ಗೂ ಟಿ ಅಲೆಗೂ ನಡುವಿಂದು) ಉದ್ದಕ್ಕೆ ಸಪಾಟಾಗಿ ಹೋಗಿ ಹೋಗಿ ಕೊನೆಗೆಲ್ಲೋ ಟಿ ಅಲೆ (ಕೋಶಗಳು ಮತ್ತೆ ಸುಮ್ನಾಗೋದ್ರ ಗುರುತು) ಏಳತ್ತೆ, ತಡವಾಗಿ ಬಂದ ಟಿ ಅಂತ ನೋಡಿದ ತಕ್ಷಣ ಅನ್ಸತ್ತೆ. ಕ್ಯೂಟಿಸಿ (ಕ್ಯೂಆರ್‌ಎಸ್ ಶುರುವಿಂದ ಟಿ ಮುಗಿಯೋವರೆಗಿನ ಹೊತ್ತು, ಮಿಡಿತದ ವೇಗಕ್ಕೆ ಸರಿಹೊಂದಿಸಿದ್ದು) 480 ಮಿಲಿಸೆಕೆಂಡ್ ದಾಟಿದ್ರೆ ಡಾಕ್ಟ್ರು ಗಂಭೀರವಾಗಿ ತಗೋತಾರೆ, 500 ದಾಟಿದ್ರೆ ಅಪಾಯ ಜಾಸ್ತಿ.

ಬ್ರುಗಾಡ ಆದ್ರೆ ಬಲಗಡೆ ಲೀಡ್‌ಗಳಲ್ಲಿ, ಅಂದ್ರೆ ಎದೆ ಮೇಲೆ ಅಂಟಿಸೋ ವಿ1, ವಿ2ಲಿ, ಎಸ್‌ಟಿ ಎರಡು ಮಿಲಿಮೀಟರೋ ಅದಕ್ಕಿಂತ ಜಾಸ್ತಿನೋ ಎದ್ದು, ಬೆನ್ನು ಬಾಗಿಸ್ಕೊಂಡು ಇಳಿದು ಟಿ ಉಲ್ಟಾ ಆಗತ್ತೆ. ಮಾಮೂಲಿ ಜಾಗದಲ್ಲಿ ಲೀಡ್ ಇಟ್ರೆ ಎಷ್ಟೋ ಸಲ ಏನೂ ಕಾಣಲ್ಲ! ವಿ1, ವಿ2 ಅನ್ನ ನಾಲ್ಕನೇ ಪಕ್ಕೆ ಸಂದಿಂದ ಮೂರನೇದಕ್ಕೆ, ಎರಡನೇದಕ್ಕೆ ಏರಿಸಿ ಇನ್ನೊಂದು ಗೆರೆ ತೆಗೀಬೇಕು, ಬಲ ಹೃತ್ಕುಕ್ಷಿಯಿಂದ ರಕ್ತ ಹೊರಗೆ ಹೋಗೋ ಜಾಗ ಅಲ್ಲೇ ಹಿಂದೆ ಇರೋದು, ತೊಂದರೆ ಇರೋದೂ ಹೆಚ್ಚಾಗಿ ಅಲ್ಲೇ. ಸುಮ್ನೆ ಒಂದು ಇಸಿಜಿ ನಾರ್ಮಲ್ ಬಂತು ಅಂತ ಮನೆಗೆ ಕಳಿಸೋದು ನೋಡಿದ್ರೆ ನಂಗೆ ಸಿಟ್ಟು ಬರತ್ತೆ. ತಮ್ಮನಿಗೆ ಮೇಲಿನ ಲೀಡ್ ಇಟ್ಟು ತೆಗ್ದಿದಾರಾ ಕೇಳಿ.

ಹೊಸಬಳು:
ಮೇಲಿಟ್ಟು ತೆಗೆದಿರೋ ಹಾಗಿಲ್ಲ, ಒಂದೇ ಹಾಳೆ ಇದೆ. ಕೇಳ್ತೀನಿ ಮೇಡಂ. ಇನ್ನೊಂದು ಅನುಮಾನ, ಲಾಂಗ್ ಕ್ಯೂಟಿ ಇರೋರು ಓಡೋವಾಗ ಬೀಳ್ತಾರೆ ಅಂತ ಕೇಳಿದ್ದೆ, ಇವನು ಒಂದ್ಸಲ ಕೂತಲ್ಲೇ ಬಿದ್ದ.

ಬಯೋಫಿಸಿಕ್ಸ್_ಭಟ್ಟ:
ಅದು ಯಾವ ಜೀನ್ ಅನ್ನೋದ್ರ ಮೇಲೆ ಹೋಗತ್ತೆ. ಲಾಂಗ್ ಕ್ಯೂಟಿಲಿ ಮೊದಲನೇ ವಿಧ ಕೆಸಿಎನ್‌ಕ್ಯೂ1 ಅನ್ನೋ ಪೊಟ್ಯಾಸಿಯಂ ಚಾನಲ್ ಜೀನಿಂದು, ಅವರಿಗೆ ಓಟ, ಅದ್ರಲ್ಲೂ ಈಜು ಅಪಾಯ. ಎರಡನೇದು ಕೆಸಿಎನ್‌ಎಚ್2, ಅವರಿಗೆ ಅಲಾರಂ, ಫೋನ್ ಥರ ದಿಢೀರ್ ಸದ್ದು ಅಪಾಯ. ಮೂರನೇದು ನಮ್ಮ ಎಸ್‌ಸಿಎನ್5ಎ, ಲಾಂಗ್ ಕ್ಯೂಟಿ ಇರೋರಲ್ಲಿ ನೂರಕ್ಕೆ 5ರಿಂದ 10 ಜನ ಮಾತ್ರ, ಅವರಿಗೆ ಅಪಾಯ ನಿದ್ದೆಯಲ್ಲಿ, ವಿಶ್ರಾಂತಿಯಲ್ಲಿ. ಮಿಡಿತ ನಿಧಾನ ಆದಷ್ಟೂ ಆಕ್ಷನ್ ಪೊಟೆನ್ಷಿಯಲ್ ಉದ್ದ ಆಗತ್ತೆ, ಸೋರಿಕೆ ಎಳೆಯೋಕೆ ಹೊತ್ತು ಸಿಗತ್ತೆ. ಮಿಡಿತ ಜೋರಾದ್ರೆ ಕ್ಯೂಟಿ ಚೆನ್ನಾಗೇ ಕುಗ್ಗತ್ತೆ.

ಇದನ್ನ ಮೊದ್ಲು ಹಿಡಿದದ್ದು 1995ರಲ್ಲಿ, ಮಾರ್ಕ್ ಕೀಟಿಂಗ್ ಅವರ ತಂಡ. ಆ ಕುಟುಂಬಗಳಲ್ಲಿ ಲೈಸೀನ್, ಪ್ರೋಲೀನ್, ಗ್ಲುಟಮೀನ್ ಅಂತ ಮೂರು ಅಮೈನೋ ಆಸಿಡ್ ಕಾಣೆ ಆಗಿತ್ತು, 1505ರಿಂದ 1507. ಎಲ್ಲಿ ಗೊತ್ತಾ? ಮೇಲೆ ಹೇಳಿದ ಬಿರಡೆ ಇರೋ ಅದೇ ಕೊಂಡಿಯಲ್ಲಿ. ಅಲ್ಲಿ ಮೂರು ತುಂಡು ಹೋದ್ರೆ ಬಿರಡೆ ಕೂತ್ರೂ ಆಗಾಗ ಕಳಚ್ಕೊಳತ್ತೆ. ಸೋರೋದು ಒಟ್ಟು ಕರೆಂಟಿನ ಬರೀ ಕೆಲವು ಪರ್ಸೆಂಟ್, ಆದ್ರೆ ಆ ಹೊತ್ತಲ್ಲಿ ಕೋಶ ಕೆಳಗಿಳಿಯೋದೋ ಬೇಡ್ವೋ ಅಂತ ಸಣ್ಣ ಸಣ್ಣ ಕರೆಂಟ್‌ಗಳ ತೂಕದಲ್ಲಿ ನಿಂತಿರತ್ತೆ, ಅಷ್ಟೇ ಸಾಕು ತಡ ಆಗಕ್ಕೆ.

ಸಂಶಯ_ಪಿಶಾಚಿ:
ಹಂಗಾದ್ರ ಕಮ್ಮಿ ಆಗೂದು ಒಂದು ರೋಗ, ಸೋರೂದು ಇನ್ನೊಂದು ರೋಗ. ಎರಡೂ ಒಬ್ಬ ಮನುಷ್ಯಾನಾಗ ಇರಲಿಕ್ಕೆ ಸಾಧ್ಯ ಇಲ್ಲ ಅಂದಂಗಾತು. ಪುಸ್ತಕದಾಗ ಬರೀಲಿಕ್ಕೆ ಭಾಳ ಸ್ವಚ್ಛ ಅದ ಇದು, ಅದಕ್ಕ ನನಗ ಸಂಶಯ.

ಬಯೋಫಿಸಿಕ್ಸ್_ಭಟ್ಟ:
ಹೆಸ್ರಿಗೆ ತಕ್ಕ ಹಾಗೇ ಇದೀರಿ ನೀವು 😄 ಎರಡೂ ಒಬ್ಬರಲ್ಲೇ ಇರತ್ತೆ. 1999ರಲ್ಲಿ ಕೋನಿ ಬೆಜ್ಜೀನಾ ಮತ್ತೆ ಅವರ ಜೊತೆಯವರು ನೆದರ್‌ಲ್ಯಾಂಡ್ಸಿನ ಒಂದು ದೊಡ್ಡ ಕುಟುಂಬದ ಬಗ್ಗೆ ಬರೆದ್ರು, ತಲೆಮಾರುಗಳಿಂದ ಅಲ್ಲಿ ಜನ ರಾತ್ರಿ ಹೊತ್ತು ದಿಢೀರ್ ಸಾಯ್ತಿದ್ರು. ಜೀನಲ್ಲಿ ಇದ್ದದ್ದು ಒಂದೇ ಬದಲಾವಣೆ, 1795ನೇ ಜಾಗದಲ್ಲಿ ಒಂದು ಆಸ್ಪಾರ್ಟಿಕ್ ಆಸಿಡ್ ಹೆಚ್ಚಾಗಿ ಸೇರ್ಕೊಂಡಿತ್ತು. ಮಿಡಿತ ನಿಧಾನ ಇದ್ದಾಗ ಅವರಿಗೆ ಕ್ಯೂಟಿ ಉದ್ದ, ವ್ಯಾಯಾಮ ಮಾಡಿಸಿದ್ರೆ ಬ್ರುಗಾಡ ಥರ ಎಸ್‌ಟಿ ಏಳ್ತಿತ್ತು. ಒಂದೇ ಚಾನಲ್, ಸೋರೋದೂ ಹೌದು, ಬಿರಡೆ ಕಳಚ್ಕೊಂಡು ಮತ್ತೆ ತಯಾರಾಗೋದು ತಡ ಆಗಿ ಮುಂದಿನ ಮಿಡಿತಕ್ಕೆ ಕರೆಂಟ್ ಸಾಲದೇ ಹೋಗೋದೂ ಹೌದು. ನಿಧಾನ ಇದ್ದಾಗ ಮೊದಲನೇ ತೊಂದರೆ ಕಾಣತ್ತೆ, ಜೋರಾದಾಗ ಎರಡನೇದು.

ನಂಗನ್ಸೋದು ಈ ಕಾಯಿಲೆಗಳಿಗೆ ಬೇರೆಬೇರೆ ಡಬ್ಬಿ ಮಾಡಿದ್ದು ನಾವು, ಚಾನಲ್ಲಿಗೆ ಆ ಡಬ್ಬಿಗಳ ಹಂಗಿಲ್ಲ.

ಸಂಶಯ_ಪಿಶಾಚಿ:
ಇದು ಖರೆ ಮಾತು. ಈಗ ಸಮಾಧಾನ ಆತು ನೋಡ್ರಿ.

ಐಸಿಡಿ_ಅಣ್ಣ:
ನಂಗೆ ಬ್ರುಗಾಡ ಇದೆ ಮಾರಾಯ್ರೆ, ಎದೆಯಲ್ಲಿ ಐಸಿಡಿ (ಲಯ ತಪ್ಪಿದ್ರೆ ಒಳಗಿಂದಲೇ ಶಾಕ್ ಕೊಡುವ ಸಣ್ಣ ಮೆಷಿನ್) ಉಂಟು. ಜ್ವರ ಬಂದ ದಿನ ಬಿದ್ದು ಆಸ್ಪತ್ರೆಗೆ ಹೋದದ್ದು, ಆಗ ತೆಗೆದ ಇಸಿಜಿಯಲ್ಲಿ ಸಿಕ್ಕಿಬಿತ್ತು. ಜ್ವರ ಇಳಿದ ಮೇಲೆ ಗೆರೆ ಪುನಃ ಸರಿ. ಆ ಮೇಲೆ ಅಜ್ಮಲೀನ್ ಅಂತ ಸೋಡಿಯಂ ಚಾನಲ್ ತಡೆಯುವ ಮದ್ದು ಹಾಕಿ ಪರೀಕ್ಷೆ ಮಾಡಿದ್ರು, ಮಂಚದ ಪಕ್ಕದಲ್ಲೇ ಶಾಕ್ ಕೊಡುವ ಮೆಷಿನ್ ತಯಾರು ಇಟ್ಟುಕೊಂಡು, ಒಬ್ಬರು ಮಾನಿಟರ್ ಬಿಟ್ಟು ಕಣ್ಣು ತೆಗೀಲಿಲ್ಲ. ಮದ್ದು ಹೋಗ್ತಾ ಇದ್ದ ಹಾಗೆ ವಿ2 ಗೆರೆ ಮೆಲ್ಲ ಮೆಲ್ಲ ಮೇಲೆ ಏಳುದು ನನಗೇ ಕಾಣ್ತಿತ್ತು, "ಸಾಕು ನಿಲ್ಸಿ" ಅಂದ್ರು, ನಿಲ್ಸಿದ್ರು. ಮೈಗೆ ಏನೂ ಅನ್ನಿಸ್ಲಿಲ್ಲ, ಅದೇ ಹೆದರಿಕೆ ಆದದ್ದು.

ನನ್ನ ಪ್ರಶ್ನೆ ಬೇರೆ. ನನ್ನ ಜೀನ್ ಟೆಸ್ಟ್‌ನಲ್ಲಿ ಎಸ್‌ಸಿಎನ್5ಎ ಸರಿಯಾಗೇ ಉಂಟಂತೆ! ಹಾಗಾದ್ರೆ ಇದು ಬಂದದ್ದು ಎಲ್ಲಿಂದ?

ಹೃದಯವಾಣಿ_ಡಾ:
ಹೃದಯದ ಲಯದ ಕಾಯಿಲೆಗಳನ್ನೇ ನೋಡೋಳು ನಾನು, ಇದಕ್ಕೆ ನಾನು ಹೇಳ್ತೀನಿ.

ಪೆದ್ರೊ ಬ್ರುಗಾಡ, ಜೋಸೆಪ್ ಬ್ರುಗಾಡ ಅಣ್ಣತಮ್ಮಂದಿರು ಎಂಟು ಜನ ರೋಗಿಗಳನ್ನಿಟ್ಟುಕೊಂಡು ಇದನ್ನ ವಿವರಿಸಿದ್ದು 1992ರಲ್ಲಿ, ಎಸ್‌ಸಿಎನ್5ಎ ಜೊತೆ ನಂಟು ಗೊತ್ತಾಗಿದ್ದು 1998ರಲ್ಲಿ. ಆದ್ರೆ ಬ್ರುಗಾಡ ಇರೋರಲ್ಲಿ ಈ ಜೀನಿನ ದೋಷ ಸಿಗೋದು ನೂರಕ್ಕೆ ಸುಮಾರು 20 ಜನರಿಗೆ. ಉಳಿದವರಿಗೆ ಅಂತ ಇಪ್ಪತ್ತು ಜೀನ್ ಹೆಸರು ಹೇಳಿ ಎಲ್ಲ ಜೀನ್ ಟೆಸ್ಟ್ ಪಟ್ಟಿಗೂ ಸೇರಿಸಿಬಿಟ್ಟಿದ್ರು. 2018ರಲ್ಲಿ ಪರಿಣತರು ಕೂತು 21 ಜೀನಿನ ಸಾಕ್ಷ್ಯ ಒಂದೊಂದಾಗಿ ತೂಗಿ ನೋಡಿದಾಗ ಗಟ್ಟಿಯಾಗಿ ನಿಂತದ್ದು ಎಸ್‌ಸಿಎನ್5ಎ ಒಂದೇ. ಈಗ ನಾವು ನೋಡೋ ರೀತಿ ಏನಂದ್ರೆ, ಬಹಳ ಜನರಲ್ಲಿ ಒಂದು ದೊಡ್ಡ ದೋಷ ಇರಲ್ಲ, ಸಣ್ಣ ಸಣ್ಣ ಮಾಮೂಲಿ ವ್ಯತ್ಯಾಸಗಳು ಹತ್ತಾರು ಸೇರಿ ಸೋಡಿಯಂ ಕರೆಂಟನ್ನ ತಗ್ಗಿಸಿರ್ತವೆ, ಅದ್ರ ಮೇಲೆ ಜ್ವರನೋ ಯಾವುದೋ ಮಾತ್ರೆನೋ ಬಂದು ಕೂತ್ರೆ ಗೆರೆ ಬದಲಾಗತ್ತೆ. ಗಂಡಸರಲ್ಲಿ ಇದು ಹೆಂಗಸರಿಗಿಂತ ಎಷ್ಟೋ ಪಟ್ಟು ಜಾಸ್ತಿ ಕಾಣತ್ತೆ, ಜೀನ್ ಮಾತ್ರ ಇಬ್ಬರಿಗೂ ಸಮನಾಗೇ ಹೋಗಿರತ್ತೆ, ಟೆಸ್ಟೋಸ್ಟಿರಾನ್ ಪೊಟ್ಯಾಸಿಯಂ ಕರೆಂಟನ್ನ ಹೆಚ್ಚಿಸೋದೂ ಒಂದು ಕಾರಣ.

ಆಗ್ನೇಯ ಏಷ್ಯಾದಲ್ಲಿ ಆರೋಗ್ಯವಾಗಿದ್ದ ಯುವಕರು ನಿದ್ದೆಯಲ್ಲೇ ಸಾಯೋದು ಹಳೇ ಕಾಲದಿಂದ ಗೊತ್ತಿತ್ತು, ಥಾಯ್ಲೆಂಡಲ್ಲಿ ಲಾಯ್ ತಾಯ್, ಫಿಲಿಪೀನ್ಸಲ್ಲಿ ಬಂಗುಂಗೋಟ್ ಅಂತ ಕರೀತಿದ್ರು. ಅದ್ರಲ್ಲಿ ತುಂಬಾ ಕೇಸು ಇದೇ ಬ್ರುಗಾಡ ಅಂತ ಆಮೇಲೆ ಗೊತ್ತಾಯ್ತು.

ಅಯಾನ್_ಅಭಿಮಾನಿ:
ಇದೇ ಮಾತಿಗೆ ಎಸ್‌ಸಿಎನ್10ಎ ಕಥೆ ಹೇಳ್ಲೇಬೇಕು, ನಂಗೆ ಇಡೀ ವಿಷಯದಲ್ಲಿ ಇಷ್ಟ ಆದದ್ದೇ ಇದು. 3ನೇ ಕ್ರೋಮೋಸೋಮಲ್ಲಿ 5ಎ ಪಕ್ಕದಲ್ಲೇ 10ಎ ಅಂತ ಇನ್ನೊಂದು ಸೋಡಿಯಂ ಚಾನಲ್ ಜೀನ್ ಇದೆ, ಅದು ನೋವಿನ ನರದ್ದು ಅಂತಾನೇ ಎಲ್ರೂ ಅಂದ್ಕೊಂಡಿದ್ರು. 2010ರಲ್ಲಿ ಸಾವಿರಾರು ಜನರ ಇಸಿಜಿ ಮತ್ತೆ ಜೀನ್ ಹೋಲಿಸಿ ನೋಡಿದಾಗ ಪಿಆರ್ (ಮೇಲಿನ ಕೋಣೆಯಿಂದ ಕೆಳಕೋಣೆಗೆ ಕರೆಂಟ್ ದಾಟೋ ಹೊತ್ತು), ಕ್ಯೂಆರ್‌ಎಸ್ ಎಷ್ಟು ಅಗಲ ಅನ್ನೋದಕ್ಕೆ 10ಎ ಒಳಗಿನ ಒಂದು ಜಾಗ ನಂಟು ತೋರಿಸ್ತು. ನೋವಿನ ಜೀನಿಗೂ ಹೃದಯಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸ್ಕೊಂಡ್ರು. ಆಮೇಲೆ ನೋಡಿದ್ರೆ 10ಎ ಒಳಗೆ, ಪ್ರೋಟೀನ್ ತಯಾರಿಗೆ ಬಾರದ ಇಂಟ್ರಾನ್ ಭಾಗದಲ್ಲಿ, ಪಕ್ಕದ 5ಎ ಅನ್ನ ಎಷ್ಟು ಜೋರಾಗಿ ನಡೆಸ್ಬೇಕು ಅಂತ ತೀರ್ಮಾನ ಮಾಡೋ ಒಂದು ಎನ್‌ಹಾನ್ಸರ್ ಕೂತಿದೆ! ಟಿಬಿಎಕ್ಸ್5 ಥರದ ಪ್ರೋಟೀನ್ ಬಂದು ಅದಕ್ಕೆ ಅಂಟತ್ತೆ. ಅಲ್ಲಿ ಒಂದಕ್ಷರ ಬದಲಾದ್ರೆ ಅಂಟು ಸಡಿಲ. ಅಂದ್ರೆ ಜೀನ್ ಪಕ್ಕದ ಮನೇದು, ಸ್ವಿಚ್ ಮಾತ್ರ ನಮ್ದು. 10ಎ ಚಾನಲ್ ತಾನೂ ಹೃದಯದಲ್ಲಿ ಕೆಲಸ ಮಾಡತ್ತೆ ಅನ್ನೋರೂ ಇದಾರೆ, ಆ ಜಗಳ ಇನ್ನೂ ಮುಗಿದಿಲ್ಲ, ನನ್ನ ವೋಟು ಎನ್‌ಹಾನ್ಸರಿಗೆ.

ರಾತ್ರಿ_ಪಾಳಿ:
ಜೀನ್ ಸರಿಯಾಗಿದ್ದೋರಿಗೂ ಈ ಚಾನಲ್ ಮುಚ್ಚಿಹೋಗೋದನ್ನ ಎಮರ್ಜೆನ್ಸಿಲಿ ನೋಡ್ತಾ ಇರ್ತೀವಿ. ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲೀನ್ ಥರದ ಮಾತ್ರೆ ರಾಶಿ ನುಂಗಿ ಬಂದ್ರೆ ಕ್ಯೂಆರ್‌ಎಸ್ ಅಗಲ ಆಗಿರತ್ತೆ, ಆ ಮಾತ್ರೆ ಸೋಡಿಯಂ ಚಾನಲ್ ಮುಚ್ಚತ್ತೆ ಅದಕ್ಕೆ, ಸೋಡಿಯಂ ಬೈಕಾರ್ಬನೇಟ್ ಹಾಕಿದ್ರೆ ಕಣ್ಣೆದುರೇ ಗೆರೆ ಸಪೂರ ಆಗೋದುಂಟು. ಕಿಡ್ನಿ ಕೆಟ್ಟು ಪೊಟ್ಯಾಸಿಯಂ ಏರಿದ್ರೂ ಅಷ್ಟೇ, ಕೋಶದ ವೋಲ್ಟೇಜ್ ಸುಮ್ನಿದ್ದಾಗಲೂ ಪೂರ್ತಿ ಕೆಳಗೆ ಇಳಿಯಲ್ಲ, ಇಳಿಯದಿದ್ರೆ ಭಟ್ರು ಹೇಳಿದ ಬಿರಡೆ ಬಿಡಲ್ಲ, ಕ್ಯೂಆರ್‌ಎಸ್ ಅಗಲ ಆಗ್ತಾ ಆಗ್ತಾ ಹೋಗತ್ತೆ.

ಹೊಸಬಳು:
ಅಬ್ಬಾ ಎಷ್ಟೊಂದು ವಿಷಯ, ಎಲ್ರಿಗೂ ಥ್ಯಾಂಕ್ಸ್. ಮಾತ್ರೆ ವಿಷಯ ಯಾರೂ ಹೇಳ್ಲಿಲ್ಲ. ಒಂದಕ್ಕೆ ಒಳ್ಳೇದು ಇನ್ನೊಂದಕ್ಕೆ ಕೆಟ್ಟದ್ದು ಅನ್ನೋದು ನಿಜಾನಾ?

ಹೃದಯವಾಣಿ_ಡಾ:
ನಿಜ. ಸೋರೋ ಚಾನಲ್ಲಿಗೆ ಮೆಕ್ಸಿಲಿಟೀನ್ ಕೊಡ್ತೀವಿ, ಅದು ತಡವಾಗಿ ಸೋರೋ ಕರೆಂಟನ್ನೇ ಹೆಚ್ಚಾಗಿ ತಡೆಯತ್ತೆ, ಕ್ಯೂಟಿ ಕುಗ್ಗತ್ತೆ. ಪ್ರೊಪ್ರನಲಾಲ್ ಕೂಡ ಕೊಡ್ತೀವಿ. ಫ್ಲೆಕೈನೈಡ್ ಕೊಟ್ರೂ ಕೆಲವರಿಗೆ ಕ್ಯೂಟಿ ಕುಗ್ಗತ್ತೆ, ಆದ್ರೆ ಅದು ಮೊದಲ ಜಿಗಿತವನ್ನೂ ಹಿಡಿಯೋ ಮದ್ದು, ಲಾಂಗ್ ಕ್ಯೂಟಿ ಮೂರನೇ ವಿಧದ ಕೆಲವು ರೋಗಿಗಳಿಗೆ ಅದನ್ನ ಕೊಟ್ಟಾಗ ಬ್ರುಗಾಡ ಥರ ಎಸ್‌ಟಿ ಎದ್ದಿದ್ದು 2000ದಲ್ಲೇ ವರದಿ ಆಗಿದೆ. ಬ್ರುಗಾಡ ಇರೋರಿಗಂತೂ ಫ್ಲೆಕೈನೈಡ್ ಮುಟ್ಟಿಸೋ ಹಾಗೇ ಇಲ್ಲ, ಅಲ್ಲಿ ಕ್ವಿನಿಡೀನ್, ಇಲ್ಲಾಂದ್ರೆ ಐಸಿಡಿ.

ಸೋಡಿಯಂ ಚಾನಲ್ ತಡೆಯೋ ಮದ್ದು ಅಂದ್ರೆ ನಮ್ಮೋರಿಗೆ ಇಷ್ಟು ಭಯ ಯಾಕೆ ಅಂದ್ರೆ ಕಾಸ್ಟ್ ಅನ್ನೋ ಟ್ರಯಲ್. ಹಾರ್ಟ್ ಅಟ್ಯಾಕ್ ಆದ ಮೇಲೆ ಹೆಚ್ಚುವರಿ ಮಿಡಿತ ಬರ್ತಿದ್ದೋರಿಗೆ ಎನ್‌ಕೈನೈಡ್, ಫ್ಲೆಕೈನೈಡ್ ಕೊಟ್ರು, ಮಿಡಿತ ಚೆನ್ನಾಗೇ ಅಡಗ್ತು, ಇಸಿಜಿ ನೋಡಿ ಎಲ್ರೂ ಖುಷಿ. ಸತ್ತವರನ್ನ ಎಣಿಸಿದ್ರೆ, 1991ರ ಪೂರ್ತಿ ವರದಿ ಪ್ರಕಾರ, ಮದ್ದು ತಗೊಂಡ 755 ಜನರಲ್ಲಿ 63, ಸುಳ್ಳು ಮಾತ್ರೆ ತಗೊಂಡ 743ರಲ್ಲಿ 26. ಗಾಯ ಆದ ಹೃದಯದಲ್ಲಿ ಕರೆಂಟ್ ಮೊದಲೇ ನಿಧಾನ, ಅದನ್ನ ಇನ್ನೂ ನಿಧಾನ ಮಾಡಿದ್ರೆ ಕರೆಂಟ್ ಅಲ್ಲೇ ಸುತ್ತು ಹೊಡೆದು ಲಯ ತಪ್ಪಕ್ಕೆ ದಾರಿ ಮಾಡಿಕೊಟ್ಟ ಹಾಗಾಯ್ತು.

ಹೊಸಬಳು:
ಹಾಗಾದ್ರೆ ಈ "ಅನಿಶ್ಚಿತ" ರಿಪೋರ್ಟ್ ಇಟ್ಕೊಂಡು ನಾವೇನ್ ಮಾಡೋದು ಮೇಡಂ? ಅಮ್ಮ ಮನೇಲಿ ಎಲ್ರಿಗೂ ಟೆಸ್ಟ್ ಮಾಡ್ಸು ಅಂತ ಒಂದೇ ಹಠ.

ಹೃದಯವಾಣಿ_ಡಾ:
ಆ ರಿಪೋರ್ಟ್ ಒಂದನ್ನೇ ನೋಡಿ ಯಾರಿಗೂ ಮದ್ದಾಗ್ಲಿ ಐಸಿಡಿಯಾಗ್ಲಿ ಶುರು ಮಾಡಲ್ಲ ಅಮ್ಮ. ಆರೋಗ್ಯವಾಗಿರೋರಲ್ಲೂ ಈ ಜೀನಲ್ಲಿ ಅಪರೂಪದ ಬದಲಾವಣೆ ಸಿಗ್ತಾನೇ ಇರತ್ತೆ. ಜೀನ್ ಹೆಸರಿಗಿಂತ ಆ ಬದಲಾವಣೆ ಎಲ್ಲಿದೆ, ಚಾನಲ್ಲಿಗೆ ಏನ್ ಮಾಡತ್ತೆ, ಮನೆಯಲ್ಲಿ ಯಾರ್ಯಾರ ಇಸಿಜಿ ಜೊತೆ ಹೊಂದತ್ತೆ ಅನ್ನೋದು ಮುಖ್ಯ. ಹಾಗಾಗಿ ಮೊದ್ಲು ಅಪ್ಪ, ಅಮ್ಮ, ಒಡಹುಟ್ಟಿದೋರಿಗೆಲ್ಲ ಇಸಿಜಿ ತೆಗೆಸಿ, ಮೇಲಿನ ಲೀಡ್ ಇಟ್ಟದ್ದೂ ಸೇರಿ. ಗೆರೆ ಬದಲಾಗಿರೋರಲ್ಲೇ ಈ ಜೀನ್ ಬದಲಾವಣೆನೂ ಇದ್ದು, ಗೆರೆ ಸರಿ ಇರೋರಲ್ಲಿ ಇಲ್ಲ ಅಂತಾದ್ರೆ ಆಗ "ಅನಿಶ್ಚಿತ" ಅನ್ನೋದು ಒಂದು ಕಡೆಗೆ ವಾಲತ್ತೆ. ಜೀನ್ ಇದ್ದೂ ಜೀವಮಾನ ಇಡೀ ಏನೂ ಆಗದವರೂ ಇರ್ತಾರೆ, ಅದನ್ನೂ ಅಮ್ಮನಿಗೆ ಹೇಳಿ. ಒಂದೆರಡು ವರ್ಷಕ್ಕೊಮ್ಮೆ ಲ್ಯಾಬಿನವರ ಹತ್ರ ಆ ಬದಲಾವಣೆಯ ವರ್ಗ ಬದಲಾಯ್ತಾ ಅಂತ ಕೇಳಿ, ಆಗಾಗ ಬದಲಾಗ್ತಾ ಇರತ್ತೆ. ಕೂತಲ್ಲೇ ಬಿದ್ದ ಅಂದ್ರಲ್ಲ, ಅದನ್ನ ಮಾತ್ರ ಡಾಕ್ಟ್ರಿಗೆ ಒತ್ತಿ ಹೇಳಿ, ಬೀಳೋ ಮುಂಚೆ ಬೆವರು, ಹೊಟ್ಟೆ ತೊಳೆಸೋದು ಇತ್ತಾ, ಇಲ್ಲಾ ಸ್ವಿಚ್ ಆಫ್ ಆದ ಹಾಗೆ ಬಿದ್ನಾ ಅಂತ ನೋಡಿದವರನ್ನ ಕೇಳಿಟ್ಕೊಳಿ.

ಐಸಿಡಿ_ಅಣ್ಣ:
ಜ್ವರದ್ದೂ ಹೇಳಿ ಡಾಕ್ಟ್ರೇ, ಅದು ನಂಗೆ ಯಾರೂ ಮೊದಲು ಹೇಳಿರ್ಲಿಲ್ಲ.

ಹೃದಯವಾಣಿ_ಡಾ:
ಹೌದು, ಕೆಲವು ಬದಲಾವಣೆಗಳಲ್ಲಿ ಮೈ ಬಿಸಿ ಏರಿದ್ರೆ ಚಾನಲ್ ಇನ್ನೂ ಬೇಗ ಮುಚ್ಕೊಳತ್ತೆ, ಲ್ಯಾಬಲ್ಲಿ ತಣ್ಣಗಿಟ್ಟು ನೋಡಿದಾಗ ಕಾಣದ ದೋಷ ಬಿಸಿಯಲ್ಲಿ ಕಂಡಿದ್ದಿದೆ. ತಮ್ಮನ ವಿಷಯ ಇತ್ಯರ್ಥ ಆಗೋ ತನಕ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಕೊಟ್ಟು ಬೇಗ ಇಳಿಸಿ, ಆಗಲೇ ಒಂದು ಇಸಿಜಿ ತೆಗೆಸಿ. ಅವನಿಗೆ ಮಕ್ಕಳಿದ್ರೆ ಅವರಿಗೂ ಅಷ್ಟೇ.

ಇಸಿಜಿ_ರೂಮು:
ತೆಗೆಸೋವಾಗ "ವಿ1, ವಿ2 ಎರಡನೇ ಸಂದಿಗೂ ಇಡಿ" ಅಂತ ನೀವೇ ಬಾಯ್ಬಿಟ್ಟು ಹೇಳಿ, ಲೀಡ್ ಎಲ್ಲಿಟ್ಟಿದ್ರು ಅಂತ ಆ ಹಾಳೆ ಮೇಲೇ ಪೆನ್ನಲ್ಲಿ ಬರೆಸ್ಕೊಳಿ. ಇಲ್ಲಾಂದ್ರೆ ಆಮೇಲೆ ನೋಡೋ ಡಾಕ್ಟ್ರಿಗೆ ತಲೆಬುಡ ಗೊತ್ತಾಗಲ್ಲ.

ಹೊಸಬಳು:
ಬರ್ಕೊಂಡೆ. ಸೋಮವಾರ ಅಪಾಯಿಂಟ್‌ಮೆಂಟ್ ಇದೆ, ಅಮ್ಮನ್ನೂ ತಂಗಿನೂ ಕರ್ಕೊಂಡೇ ಹೋಗ್ತೀನಿ.